ಕಿಟಕಿಯ ಹತ್ತಿರ ಆಡಿದ ಮಾತು

ಮಧ್ಯಾಹ್ನ ಲಾಲಸಾಬ ಕಾಕಾ ಬರುತ್ತಾರಂತೆ ಎಂದು ಅಕ್ಕ ಬಾಳವ್ವ ಅಡುಗೆಮನೆಯಿಂದ ಕೂಗಿ ಹೇಳಿದಾಗ ಶಿವಯೋಗೀಶ ಅರ್ಧ ಗಡ್ಡ ಮಾಡಿಕೊಂಡು ಕನ್ನಡಿಯ ಮುಂದೆ ನಿಂತಿದ್ದ. ಮೊದಲು ಬಂದದ್ದು ಸಿಟ್ಟು. ಸಿಟ್ಟಿನ ಬೆನ್ನಿಗೇ ಅಂಜಿಕೆ. ವಿಮಾನಯಾನ ನಿಯಂತ್ರಣ ಕಚೇರಿಯ ಅಧಿಕಾರಿ ಕೆಲಸದ ಮೇಲೆ ಊರಿಗೆ ಬಂದರೆ ಹೋಟೆಲಿನಲ್ಲಿ ಉಳಿಯಬೇಕು, ಅದಕ್ಕೆ ಭತ್ಯೆ ಉಂಟು. ಗೋಕುಲ ರಸ್ತೆಯ ವಿಮಾನ ನಿಲ್ದಾಣದ ತಪಾಸಣೆಗೆಂದು ದಿಲ್ಲಿಯಿಂದ ಬಂದವನು ಬಿಸಿ ರೊಟ್ಟಿಯ ಆಸೆಗೆ ವಿದ್ಯಾನಗರದ ಅಕ್ಕನ ಮನೆಯಲ್ಲಿ ಚೀಲ ಇಳಿಸಿದ್ದೇ ತಪ್ಪಾಯಿತು ಎಂದು ತನಗೆ ತಾನೇ ಹೇಳಿಕೊಂಡ. ತಪ್ಪಿನ ಮೂಲವನ್ನು ಹುಡುಕುತ್ತ ಹೋಗಿ ರೊಟ್ಟಿಯ ಹತ್ತಿರ ತಂದು ನಿಲ್ಲಿಸುವುದು ಅವನಿಗೆ ಅನುಕೂಲವಾಗಿತ್ತು. ತನಿಖೆಯಲ್ಲೇ ತಲೆ ನರೆತವನು; ಎಲ್ಲಿ ಹುಡುಕಬಾರದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಯಾಕ ಬರಾಕತ್ತಾರ?” ಎಂದ.

“ಯಾಕಂದ್ರ? ನಿನ್ನ ನೋಡಾಕ. ಅಪ್ಪನ ಗಿರಣಿ ಎಂಜಿನ್ ಅಷ್ಟ ವರ್ಷ ಸಂಭಾಳಿಸಿದಾಂವ, ಊರಿಗೆ ಬಂದಿ ಅಂದ್ರ ಬರಂಗಿಲ್ಲೇನ? ಅವರ ಮಗಾ ರಿಯಾಜ ವಿಮಾನ ಹಾರಸ್ತಾನಲ್ಲ, ಅವಂದೇನೋ ನಿಮ್ಮ ಆಫೀಸಿನ್ಯಾಗ ಗದ್ದಲ ಆಗೇತಂತ. ಅದು ನಿನ್ನ ಕೈಯಾಗ ಐತಂತ. ನಮ್ಮ ಯೋಗಿ ಅದಾನ, ಚಿಂತಿ ಬಿಡ್ರಿ ಅಂತ ನಾನ ಫೋನಿನ್ಯಾಗ ಹೇಳೇನಿ.”

ನೊರೆ ಒಣಗುತ್ತಿತ್ತು. ಬ್ಲೇಡನ್ನು ಕೆನ್ನೆಯ ಮೇಲೆ ಎಳೆದರೆ ಉರಿಯಿತು. ನಮ್ಮ ಯೋಗಿ. ಬೇಸಿನ್ನಿನ ಅಂಚಿಗೆ ಒರಗಿಸಿಟ್ಟ ಫೋನಿನಲ್ಲಿ ರಿಯಾಜನ ಕಡತ ಕೂತಿತ್ತು. ಈಗ ಕಡತಗಳಿಗೆ ಕೆಂಪು ದಾರವಿಲ್ಲ, ಧೂಳಿಲ್ಲ. ಬಚ್ಚಲುಮನೆಯ ತನಕ ಹಿಂದೆ ಬರುತ್ತವೆ. ಆದೇಶದ ಕರಡು ಅವನದೇ ಬರಹ: ನಿಯಮ ಮೀರಿ ವಿಮಾನ ಇಳಿಸಿದ ಕ್ಯಾಪ್ಟನ್ನನ ಪರವಾನಗಿ ಒಂದು ವರ್ಷ ಅಮಾನತು. ಒಪ್ಪಿಗೆಯ ಗುಂಡಿಯನ್ನು ಅವನು ಒತ್ತುವುದೊಂದೇ ಬಾಕಿ. ಸಂಜೆಯೊಳಗೆ ಕಳಿಸಿರೆಂದು ನಿರ್ದೇಶಕರು ಎರಡು ಸಲ ನೆನಪಿಸಿದ್ದರು. ಅವನ ಕಚೇರಿಯ ಪದ್ಧತಿಯಲ್ಲಿ ದಯೆಗೂ ಒಂದು ಸಣ್ಣ ಕಿಂಡಿ ಇತ್ತು. ಬೇರೆ ಯಾವ ಪುರಾವೆಯೂ ಇಲ್ಲದಿರುವಾಗ ಪೈಲಟ್ ತಾನಾಗಿ ನಿಜ ಹೇಳಿದ್ದರೆ ವರ್ಷವನ್ನು ಮೂರು ತಿಂಗಳಿಗೆ ಇಳಿಸಬಹುದು. ಆದರೆ ಆ ಕಾರಣವನ್ನು ಆದೇಶದಲ್ಲಿ ಬಿಡಿಸಿ ಬರೆಯಬೇಕು. ಮೂರು ತಿಂಗಳಾದರೆ ಮನುಷ್ಯ ಮನೆಯಲ್ಲಿ ಕೂತು ಮತ್ತೆ ಕೆಲಸಕ್ಕೆ ಹೋಗುತ್ತಾನೆ. ವರ್ಷವಾದರೆ ಕಂಪನಿ ಕೈಬಿಡುತ್ತದೆ, ಮತ್ತೆ ಯಾರೂ ಕರೆಯುವುದಿಲ್ಲ. ಕರಡಿನಲ್ಲಿ ಶಿವಯೋಗೀಶ ಕಿಂಡಿಯನ್ನು ಮುಚ್ಚಿಬಿಟ್ಟಿದ್ದ. ‘ಯಂತ್ರದ ದಾಖಲೆಗಳಿಂದ ಹಾಗೂ ಕ್ಯಾಪ್ಟನ್ನನ ಹೇಳಿಕೆಯಿಂದ ಸಾಬೀತಾಗಿದೆ’ ಎಂದು ಬರೆದಿದ್ದ. ಯಂತ್ರದ ದಾಖಲೆಗಳಿಂದ ಏನೂ ಸಾಬೀತಾಗಿರಲಿಲ್ಲ. ಆದರೆ ಆ ಮಾತನ್ನು ಮುಂದೆ ಇಟ್ಟರೆ ಆದೇಶ ಮೇಲ್ಮನವಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಓದುವವರಿಗೂ ತನಿಖೆ ನಡೆದಂತೆ ಕಾಣುತ್ತದೆ.

ನಡೆದದ್ದು ಇಷ್ಟೇ. ಮಳೆಗಾಲದ ಒಂದು ಸಂಜೆ, ಹುಬ್ಬಳ್ಳಿಯ ಮೇಲೆ ಮೋಡ ಕುಸಿದು ಕೂತಿತ್ತು. ಮೋಡದೊಳಗೆ ಇಳಿಯುವ ವಿಮಾನಕ್ಕೆ ಒಂದು ಎತ್ತರ ಗೊತ್ತುಮಾಡಿರುತ್ತಾರೆ. ಅಲ್ಲಿಗೆ ಬಂದಾಗ ರನ್‌ವೇಯಾಗಲಿ ಅದರ ದೀಪಗಳಾಗಲಿ ಕಣ್ಣಿಗೆ ಬೀಳದಿದ್ದರೆ ಮರುಮಾತಿಲ್ಲದೆ ಮೇಲೇರಬೇಕು. ಏನೂ ಕಾಣುವಂತಿಲ್ಲ ಎಂದು ಹವಾಮಾನದವರು ವರದಿ ಕೊಟ್ಟ ಹೊತ್ತಿನಲ್ಲೇ ರಿಯಾಜ ಇಳಿದಿದ್ದ. ಜನ ಚಪ್ಪಾಳೆ ತಟ್ಟಿ, ಚೀಲ ಹೊತ್ತು, ಆಟೋ ಹಿಡಿದು ಮನೆಗೆ ಹೋಗಿದ್ದರು. ಆ ಎತ್ತರದಲ್ಲಿ ಕ್ಯಾಪ್ಟನ್ನನಿಗೆ ರನ್‌ವೇ ಕಂಡಿತ್ತೇ ಇಲ್ಲವೇ ಎಂಬುದೇ ಪ್ರಶ್ನೆ. ವಿಮಾನದ ಮಾತು ಹಿಡಿಯುವ ಯಂತ್ರ, ಆಮೇಲಿನ ಹಾರಾಟಗಳಲ್ಲಿ ಹಳೆಯ ಮಾತಿನ ಮೇಲೆ ಹೊಸ ಮಾತು ತುಂಬಿಕೊಂಡಿತ್ತು. ಅಂಕಿ ಹಿಡಿಯುವ ಯಂತ್ರದಲ್ಲಿ ಎತ್ತರವಿತ್ತು, ವೇಗವಿತ್ತು. ಮನುಷ್ಯನ ಕಣ್ಣಿಗೆ ಏನು ಕಂಡಿತೆಂದು ಬರೆದಿಡುವ ಯಂತ್ರ ಇನ್ನೂ ಬಂದಿಲ್ಲ. ಪಕ್ಕದಲ್ಲಿ ಕೂತಿದ್ದ ಸಹ ಪೈಲಟ್ ಹುಡುಗಿ ತಾನು ಅಂಕಿಗಳ ಮೇಲೆ ಕಣ್ಣಿಟ್ಟಿದ್ದೆ, ಹೊರಗೆ ನೋಡಲಿಲ್ಲ ಅಂದಳು. ದಿಲ್ಲಿಯ ವಿಚಾರಣೆಯ ಕೋಣೆಯಲ್ಲಿ, ಉದ್ದನೆಯ ಮೇಜಿನ ಆಚೆ, ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ಕೂತ ರಿಯಾಜ ವಕೀಲರು ಕಲಿಸಿಕೊಟ್ಟ ಇಂಗ್ಲಿಷಿನಲ್ಲಿ ಒಂದೇ ವಾಕ್ಯವನ್ನು ಎಷ್ಟು ಸಲ ಕೇಳಿದರೂ ಅಷ್ಟು ಸಲ ಹೇಳಿದ: ರನ್‌ವೇ ಕಂಡಿತ್ತು ಸರ್. ತನಿಖಾ ಸಮಿತಿಯಲ್ಲಿ ಶಿವಯೋಗೀಶನ ಜೊತೆ ಕೂತಿದ್ದ ಉಳಿದಿಬ್ಬರು ಆಕಳಿಸಿದರು. ನಿರ್ದೇಶಕರು ಚಹಾಕ್ಕೆ ಬಿಡುವು ಕೊಟ್ಟರು. ಕಡತ ಅಲ್ಲಿಗೆ ಮುಗಿಯಬೇಕಿತ್ತು.

ಆಗ ಶಿವಯೋಗೀಶ ಚಹಾದ ಕಪ್ಪು ಹಿಡಿದು ಕಿಟಕಿಯ ಹತ್ತಿರ ಹೋದ. ರಿಯಾಜ ಅಲ್ಲಿ ಒಬ್ಬನೇ ನಿಂತಿದ್ದ. ಈಗ ಕನ್ನಡಿಯಲ್ಲಿ ತನ್ನ ಮುಖವನ್ನು ನೋಡುತ್ತ ಶಿವಯೋಗೀಶ ತನ್ನನ್ನು ತಾನು ವಿಚಾರಣೆಗೆ ಕೂರಿಸಿಕೊಂಡ: ಹೋಗುವಾಗಲೇ ಗೊತ್ತಿತ್ತೇ, ಇಲ್ಲವೇ? ಹಾಗೆ ಸುಮ್ಮನೆ ಊರಿನವನೆಂದು ಮಾತಾಡಿಸಲು ಹೋಗಿದ್ದೆ ಎಂದು ಹೇಳಿಕೊಳ್ಳಬಹುದು. ಆದರೆ ಮುಖದಲ್ಲಿ ನಗು ತಂದುಕೊಂಡೇ ಹೋಗಿದ್ದ, ನಾಲಿಗೆಯನ್ನು ಧಾರವಾಡದ ಕಡೆ ತಿರುಗಿಸಿಕೊಂಡೇ ಹೋಗಿದ್ದ. “ಹುಬ್ಬಳ್ಳ್ಯಾಗ ಎಲ್ಲಿ ಆತ್ರೀ ನಿಮ್ಮ ಮನಿ?” ಎಂದು ಕೇಳಿದ್ದೇ ತಡ, ಬೆಳಗಿನಿಂದ ಬಿಗಿದುಕೊಂಡಿದ್ದ ಆ ಮನುಷ್ಯನ ಭುಜ ಇಳಿಯಿತು.

“ಹಳೇ ಹುಬ್ಬಳ್ಳಿರಿ ಸರ. ನೋಟಿಸಿನ್ಯಾಗ ನಿಮ್ಮ ಹೆಸರು ನೋಡಿದ ಕೂಡ್ಲೇ ನಮ್ಮಪ್ಪ ಗುರ್ತು ಹಿಡದ್ರು. ಮುರುಗೆಪ್ಪ ಸಾವಕಾರ ಮಗಾ ಅಂತ. ಅವ್ರು ನಿಮ್ಮ ಗಿರಣ್ಯಾಗ ಎಂಜಿನ್ ನೋಡ್ಕೋತಿದ್ರು.”

“ಲಾಲಸಾಬ ಕಾಕಾನ ಮಗಾ ಏನೋ ನೀ?”

ಸರ ಹೋಗಿ ಅಣ್ಣಾರ ಆಗಲು ಅಷ್ಟೇ ಸಾಕಾಯಿತು. ಅಪ್ಪನ ಹತ್ತಿಗಿರಣಿ, ಅದರ ಹಸಿರು ಬಣ್ಣದ ಎಂಜಿನ್, ಅದು ಕೆಟ್ಟಾಗಲೆಲ್ಲ ಬಾಳವ್ವ ಲಾಲಸಾಬನಿಗೆ ಕೊಡುತ್ತಿದ್ದ ಬೆಲ್ಲದ ಚಹಾ, ಎಲ್ಲ ಬಂದು ಹೋದವು. ಆಮೇಲೆ ಶಿವಯೋಗೀಶ ಬೆಣ್ಣೆಯೊಳಗಿನ ಕೂದಲು ತೆಗೆದಷ್ಟು ನಯವಾಗಿ ಕೇಳಿದ: “ಖರೇ ಹೇಳು ತಮ್ಮಾ. ರನ್‌ವೇ ಕಂಡಿತ್ತೇನು? ಇದು ನಮ್ಮ ನಮ್ಮೊಳಗಿನ ಮಾತು.”

ರಿಯಾಜ ಕಿಟಕಿಯ ಆಚೆ ನೋಡಿದ. “ರನ್‌ವೇ ಕಂಡಿರ್ಲಿಲ್ರಿ ಅಣ್ಣಾರ. ಊರು ಕಂಡಿತ್ತು. ಮೋಡದ ಸಂದ್ಯಾಗ ದೀಪ ಕಂಡೂವು. ಹುಟ್ಟಿ ಬೆಳದ ಊರು, ಎಲ್ಲೆ ಏನೈತಿ ಅಂತ ಗೊತ್ತಿತ್ತಲ್ರಿ, ಕತ್ತಲ್ಯಾಗ ನಮ್ಮ ಮನಿ ಮುಂದಿನ ಕಟ್ಟಿ ಇಳದಂಗ ಇಳಿದೆ. ನಾಕ ಉಸಿರು ಬಿಡೂದ್ರಾಗ ರನ್‌ವೇ ಬಂತು. ಆದ್ರ ಆ ನಾಕ ಉಸಿರು ನೆನಸಿಕೊಂಡ್ರ ಈಗೂ ಕೈ ತಣ್ಣಗಾಗ್ತಾವ್ರಿ.”

ಬಿಡುವು ಮುಗಿದು ಎಲ್ಲರೂ ಮೇಜಿಗೆ ಬಂದಾಗ ಶಿವಯೋಗೀಶ ಇಂಗ್ಲಿಷಿಗೆ ತಿರುಗಿದ. ಕ್ಯಾಪ್ಟನ್, ಈಗ ಹೊರಗೆ ನನ್ನ ಹತ್ತಿರ ಹೇಳಿದ್ದನ್ನು ಸಮಿತಿಯ ಮುಂದೆ ಹೇಳುತ್ತೀರಾ? ರಿಯಾಜ ಅವನ ಮುಖ ನೋಡಿದ. ಸಿಟ್ಟಿನಿಂದಲ್ಲ, ಮನೆಯ ಬಾಗಿಲು ತೆಗೆದರೆ ಬೇರೆಯವರ ಮನೆ ಕಂಡವನ ಹಾಗೆ ನೋಡಿದ. ಅಲ್ಲಗಳೆಯಬಹುದಿತ್ತು. ಸಾಕ್ಷಿ ಇರಲಿಲ್ಲ, ವಕೀಲರು ಎದುರಿಗೇ ಇದ್ದರು. ಆದರೆ ಒಮ್ಮೆ ನಿಜ ಹೇಳಿದ ಬಾಯಿಗೆ ಅಷ್ಟು ಬೇಗ ಸುಳ್ಳು ಬರಲಿಲ್ಲವೋ ಏನೋ. ಕಂಡಿರಲಿಲ್ಲ ಸರ್ ಎಂದ. ಸಂಜೆ ನಿರ್ದೇಶಕರು ಬೆನ್ನು ತಟ್ಟಿ, ನಿಮ್ಮ ಭಾಷೆ ಕೆಲಸಕ್ಕೆ ಬಂತು ನೋಡಿ ಅಂದರು. ನಕ್ಕು, ನಿಮ್ಮ ಪರಿಚಯದವನೇನೋ ಎಂದೂ ಕೇಳಿದರು. ಪರಿಚಯ ಉಂಟೆಂದಿದ್ದರೆ ಈ ಕಡತವನ್ನು ಬೇರೆಯವರಿಗೆ ಬಿಡಬೇಕಾಗುತ್ತಿತ್ತು. ಇಲ್ಲ ಸರ್, ಇವತ್ತೇ ನೋಡಿದ್ದು ಎಂದ. ಆ ರಾತ್ರಿಯೇ ಮೂರು ತಿಂಗಳ ಜಾಗದಲ್ಲಿ ಒಂದು ವರ್ಷ ಬರೆದ. ಊರಿನವನೆಂದು ಕೈ ಸಡಿಲ ಬಿಟ್ಟ ಎಂದು ಯಾರೂ ಬೆರಳು ತೋರಿಸಬಾರದು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗುವ ಮೊದಲೇ ಹೆಗಲು ಒರೆಸಿಕೊಂಡಿದ್ದ.

ಊಟದ ಮುಂದೆ ಕೂತಾಗಲೂ ಅದೇ ವಿಚಾರಣೆ. ನಿಯಮ ಸರಿಯಿದೆಯಲ್ಲ, ಎಂದು ಅವನು ಬದನೆಕಾಯಿಯ ಎಣಗಾಯಿಯೊಂದಿಗೆ ವಾದಿಸಿದ. ಊರು ಕಂಡಿತೆಂದು ಇಳಿದವರ ಹೆಣಗಳನ್ನು ಬೇರೆ ಕಡತಗಳಲ್ಲಿ ನೋಡಿದ್ದ. ಗುಡ್ಡಕ್ಕೆ ಬಡಿದು ಸುಟ್ಟ ಸೀಟುಗಳ ನಡುವೆ ಮಕ್ಕಳ ಚಪ್ಪಲಿ ಬಿದ್ದದ್ದನ್ನು ನೋಡಿದ್ದ. ರಿಯಾಜ ತಪ್ಪು ಮಾಡಿದ್ದು ನಿಜ, ಶಿಕ್ಷೆಯಾಗಬೇಕಾದದ್ದು ನಿಜ, ಇದರಲ್ಲಿ ಎರಡು ಮಾತಿಲ್ಲ. ಆದರೂ ಎರಡನೆಯ ಮಾತು ಬಾಯೊಳಗೇ ಇತ್ತು: ನಮ್ಮ ನಮ್ಮೊಳಗಿನ ಮಾತು. ಆ ಸುಳ್ಳನ್ನು ಹೇಳು ಎಂದು ಯಾವ ನಿಯಮವೂ ಹೇಳಿರಲಿಲ್ಲ. ಅದು ಅವನ ಸ್ವಂತ ಕಮಾಯಿ. “ಸೊರಗಿದಿ ನೋಡ, ಅಲ್ಲೆ ಬರೇ ಚಪಾತಿ ತಿಂತೀರೇನ?” ಎಂದು ಅಕ್ಕ ಇನ್ನೊಂದು ರೊಟ್ಟಿ ಹಾಕಿದಳು. ಅವಳ ಕಣ್ಣಲ್ಲಿ ಅವನು ಈಗಲೂ ಗಿರಣಿಯ ಅಂಗಳದಲ್ಲಿ ಹತ್ತಿಯ ರಾಶಿಗೆ ಹಾರಿ ಬೈಸಿಕೊಳ್ಳುತ್ತಿದ್ದ ಯೋಗಿ. ದಿಲ್ಲಿಯಲ್ಲಿ ಅವನ ಸಹಿಗೆ ಜನ ನಡುಗುತ್ತಾರೆಂದು ಹೇಳಿದರೆ ಅವಳು ನಗುತ್ತಾಳೆ. ಬೇರೆ ಹೊತ್ತಿನಲ್ಲಾದರೆ ಇದರಿಂದ ಅವನಿಗೆ ಹಿಗ್ಗಾಗುತ್ತಿತ್ತು. ಇವತ್ತು ನಾಚಿಕೆಯಾಯಿತು.

ಲಾಲಸಾಬ ಬಂದ. ಎತ್ತರದ ಮನುಷ್ಯ ಈಗ ನಡುವಿನಲ್ಲಿ ಬಾಗಿದ್ದ, ಬಿಳಿ ಟೋಪಿ, ಕೈಯಲ್ಲಿ ಪೇರಲಹಣ್ಣಿನ ಚೀಲ. ಶಿವಯೋಗೀಶ ಎದ್ದು ನಿಂತ. ನಮಸ್ಕಾರ ಮಾಡಬೇಕೋ, ಕಾಲು ಮುಟ್ಟಬೇಕೋ, ಅಧಿಕಾರಿಯಂತೆ ತಲೆಯಾಡಿಸಿದರೆ ಸಾಕೋ ತಿಳಿಯದೆ ಮೂರೂ ಅರ್ಧರ್ಧ ಆದವು. ಮುದುಕ ಕುರ್ಚಿಯ ತುದಿಯಲ್ಲಿ ಕೂತು ಚೀಲ ಮುಂದಿಟ್ಟ.

“ಮುಗದ ಹಳ್ಳಿಂದ ತರಿಸೇನ್ರಿ ಸಾಹೇಬ್ರ. ಅಲ್ಲೆ ನಮ್ಮ ಬೀಗರ ತ್ವಾಟ ಐತಿ.”

“ಕಾಕಾ, ಕೇಸ್ ಮುಗಿಯೂತನಕ ನಾ ಏನೂ ತೊಗೊಳ್ಳಾಕ ಬರಂಗಿಲ್ರಿ. ಕಾಯದಾ ಹಂಗೈತಿ,” ಎಂದ ಶಿವಯೋಗೀಶ. ತನ್ನ ದನಿಯಲ್ಲಿದ್ದ ನಿಷ್ಠೆ ಕೇಳಿ ಅವನಿಗೇ ಹೇಸಿಕೆಯಾಯಿತು.

“ಮಂಗ್ಯಾ ಇದ್ದಂಗ ಮಾಡ್ಬ್ಯಾಡ,” ಎಂದು ಬಾಳವ್ವ ಚೀಲ ಎತ್ತಿಕೊಂಡಳು. “ಪೇರಲಹಣ್ಣಿಗೂ ಕಾಯದೇ ಅಂತ. ಕಾಕಾ, ನೀವು ಇಂವನ ಮಾತ ಮನಸಿಗೆ ಹಚ್ಕೋಬ್ಯಾಡ್ರಿ. ಚಾ ತರತೇನಿ.” ಅವಳು ಒಳಗೆ ಹೋದಳು. ಹಾಲಿನಲ್ಲಿ ಇಬ್ಬರೇ ಉಳಿದರು. ಫ್ಯಾನು ತಿರುಗುತ್ತಿತ್ತು. ಮುದುಕನ ಕೈಗಳ ಗೆರೆಗಳೊಳಗೆ ಎಷ್ಟೋ ವರ್ಷಗಳ ಎಣ್ಣೆ ಇನ್ನೂ ಕಪ್ಪಾಗಿ ನಿಂತಿತ್ತು. ಈಗ ಬೇಡಿಕೊಳ್ಳುತ್ತಾನೆ, ಎಂದು ಶಿವಯೋಗೀಶ ಸಿದ್ಧನಾದ. ಬೇಡಿದರೆ ಹೇಳಲು ಮಾತು ಸಿದ್ಧವಿತ್ತು: ಸಮಿತಿಯ ತೀರ್ಮಾನ, ನನ್ನ ಕೈಯಲ್ಲಿಲ್ಲ. ಬೇಡಿಬಿಟ್ಟರೆ ಹಗುರಾಗುತ್ತದೆ, ಬೇಡುವವನ ಮುಂದೆ ಕೊಡದವನಿಗೆ ಒಂದು ಗೌರವವಾದರೂ ಉಳಿಯುತ್ತದೆ.

“ಮಗನ್ನ ಬಿಡ್ರಿ ಅಂತ ಕೇಳಾಕ ಬಂದಿಲ್ರಿ ನಾ,” ಎಂದ ಲಾಲಸಾಬ. “ತಪ್ಪ ಮಾಡ್ಯಾನ. ಅಷ್ಟ ಮಂದಿನ್ನ ಕುಂದ್ರಿಸ್ಕೊಂಡು ಹಂಗ ಇಳಿಬಾರದಾಗಿತ್ತು. ನಾನೂ ಬೈದೇನಿ. ಒಂದ ಮಾತು ಕೇಳಬೇಕಾಗಿತ್ರಿ. ಅಕ್ಕಾರ ಮುಂದ ಬ್ಯಾಡ.”

“ಕೇಳ್ರಿ ಕಾಕಾ.”

“ಅಂವ ದಿಲ್ಲಿಗೆ ಹೊಂಟಾಗ ನಾನ ಹೇಳಿದ್ದೆ. ವಕೀಲ ಏನರ ಹೇಳ್ಕೊಳ್ಳಿ, ಅಲ್ಲೆ ಕುಂತಾವ್ರು ಮುರುಗೆಪ್ಪ ಸಾವಕಾರ ಮಗಾ ಅದಾರ, ನಮ್ಮಾವ್ರು, ಅವರ ಮುಂದ ಸುಳ್ಳ ಹೇಳಬ್ಯಾಡ, ಕೇಳಿದ್ರ ಖರೇ ಹೇಳಿಬಿಡು ಅಂತ. ಅಂವ ಹೇಳಿ ಬಂದ. ಬಂದಾಗಿಂದ ನನ್ನ ಕೂಡ ನೆಟ್ಟಗ ಮಾತಾಡವಲ್ಲ. ನಂಗ ನಿದ್ದಿ ಹತ್ತವಲ್ದ್ರಿ ಸಾಹೇಬ್ರ. ಮಗನ ಹೊಟ್ಟಿ ಮ್ಯಾಲೆ ನಾನ ಕಾಲಿಟ್ನಿ ಏನ ಅಂತ. ಅದಕ್ಕ ಕೇಳ್ತೇನಿ. ಅಂವ ಬಾಯಿ ಬಿಡದ ಇದ್ದಿದ್ರ ನಿಮಗ ಗೊತ್ತಾಗ್ತಿತ್ತೇನ್ರಿ?”

ಗೊತ್ತಾಗುತ್ತಿರಲಿಲ್ಲ. ಒಂದೇ ಪದದ ಉತ್ತರ. ರಿಯಾಜ ಆ ಮೇಜಿನ ಮುಂದೆ ವಕೀಲರ ಎದುರು, ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಹೇಳಿದಂಥದೇ ಒಂದು ಸಣ್ಣ ಉತ್ತರ. ಇಲ್ಲಿ ಮೇಜಿಲ್ಲ, ವಕೀಲರಿಲ್ಲ, ಹೋಗುವ ಕೆಲಸವಿಲ್ಲ. ಹೋಗುವುದೆಂದರೆ ಮುರುಗೆಪ್ಪನ ಮಗ ಎಂಬ ಹೆಸರು, ಅಷ್ಟೇ. ಅಡುಗೆಮನೆಯಲ್ಲಿ ಅಕ್ಕನ ಬಟ್ಟಲುಗಳ ಸದ್ದು ನಿಂತಿತ್ತು, ಅವಳು ಕೇಳಿಸಿಕೊಳ್ಳುತ್ತಿದ್ದಾಳೆಂದು ಅವನಿಗೆ ಖಾತ್ರಿಯಾಯಿತು.

“ಗೊತ್ತಾಗ್ತಿತ್ರಿ ಕಾಕಾ,” ಎಂದ ಶಿವಯೋಗೀಶ. “ವಿಮಾನದ ಯಂತ್ರದಾಗ ಎಲ್ಲಾ ಇರತೈತಿ. ಅಂವ ಹೇಳದಿದ್ರೂ ಸಿಕ್ಕಬೀಳ್ತಿದ್ದ.”

ಎಷ್ಟು ಸುಲಭವಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಮುದುಕ ಕಣ್ಣು ಮುಚ್ಚಿದ. ಎದೆಯೊಳಗಿಂದ ಉಸಿರು ಬಿಟ್ಟು, “ಅಲ್ಲಾ ದೊಡ್ಡಾಂವ,” ಎಂದ. “ಹಂಗಾದ್ರ ನನ್ನ ಪಾಪಲ್ಲ. ಭಾಳ ದೊಡ್ಡ ಉಪಕಾರ ಆತ್ರಿ ಸಾಹೇಬ್ರ.” ಚಹಾ ಬಂತು. ಬೆಲ್ಲದ ಚಹಾ, ಅಕ್ಕ ಮರೆತಿರಲಿಲ್ಲ. ಲಾಲಸಾಬ ಅದನ್ನು ಕಪ್ಪಿನಿಂದ ಬಸಿಗೆ ಬಗ್ಗಿಸಿ ಆರಿಸಿಕೊಂಡು, ಗಿರಣಿಯ ಎಂಜಿನ್ನಿನ ಒಂದೆರಡು ನಗೆಯ ಮಾತಾಡಿ ಕುಡಿದ. ಬಂದಾಗ ಇದ್ದದ್ದಕ್ಕಿಂತ ಅವನ ಬೆನ್ನು ನೆಟ್ಟಗಾಗಿತ್ತು. ಅದನ್ನು ನೋಡುತ್ತ ಕೂತ ಶಿವಯೋಗೀಶನಿಗೆ ತಾನು ಒಳ್ಳೆಯದನ್ನೇ ಮಾಡಿದೆನೆಂದು ಒಂದು ಗಳಿಗೆ ಅನಿಸಿತು.

ಕಳಿಸಲು ಗೇಟಿನ ತನಕ ಹೋದ. ಬೇವಿನ ಮರದ ಕೆಳಗೆ ಕಾರು ನಿಂತಿತ್ತು. ರಿಯಾಜ ಅದರೊಳಗೆ ಕೂತಿದ್ದಾನೆಂದು ಮುದುಕ ಹೇಳಿರಲಿಲ್ಲ. ಇವನನ್ನು ಕಂಡು ಬಾಗಿಲು ತೆಗೆದು ಇಳಿದು ನೆಟ್ಟಗೆ ನಿಂತ. ದಿಲ್ಲಿಯ ವಿಚಾರಣೆಯಾದ ಎರಡು ತಿಂಗಳಲ್ಲಿ ಕೆನ್ನೆ ಒಳಗೆ ಹೋಗಿತ್ತು.

“ಗುಡ್ ಆಫ್ಟರ್‌ನೂನ್, ಸರ್.”

“ಇದೇನೋ ತಮ್ಮಾ, ಇಲ್ಲೇ ಕುಂತೀ. ಒಳಗ ಬರಬೇಕಿತ್ತಲ್ಲ.”

“ಇಟ್ಸ್ ಆಲ್‌ರೈಟ್, ಸರ್.”

ಇನ್ನೊಂದು ಸಲ ಕನ್ನಡದಲ್ಲಿ ಏನನ್ನಾದರೂ ಕೇಳಬೇಕೆಂದು ಬಾಯಿ ತೆರೆದ ಶಿವಯೋಗೀಶನಿಗೆ ಆ ಕಣ್ಣುಗಳ ಮುಂದೆ ಧೈರ್ಯ ಸಾಲಲಿಲ್ಲ. ಅಷ್ಟರಲ್ಲಿ ಲಾಲಸಾಬ ಮಗನ ತೋಳು ಹಿಡಿದ. ಮನೆಯಲ್ಲಿ ತಂದೆ ಮಗ ಉರ್ದು ಆಡುವವರು, ಸಾಹೇಬರ ಮುಂದೆ ಬೇರೆ ಭಾಷೆ ಮರ್ಯಾದೆಯಲ್ಲವೆಂದು ಮುದುಕ ಕನ್ನಡದಲ್ಲೇ ಹೇಳಿದ: “ನಾ ಹೇಳಿದ್ದಿಲ್ಲೇನ, ಸಾಹೇಬ್ರನ್ನ ಕೇಳ್ತೇನಿ ಅಂತ? ನೀ ಬಾಯಿ ಬಿಡದಿದ್ರೂ ವಿಮಾನದ ಯಂತ್ರದಾಗ ಎಲ್ಲಾ ಇತ್ತಂತ. ನನ್ನ ಮಾತಿನಿಂದ ನಿಂದು ಕೆಟ್ಟಿಲ್ಲ. ಅವರ ಬಾಯಿಲೆ ಕೇಳೇನಿ.”

ಯಂತ್ರದಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂದು ಈ ಊರಿನಲ್ಲಿ ಬಲ್ಲವನೊಬ್ಬನಿದ್ದರೆ ಅವನು ರಿಯಾಜ. ಅವನು ಶಿವಯೋಗೀಶನನ್ನು ನೋಡಿದ. ದಿಲ್ಲಿಯಲ್ಲಿ ನೋಡಿದ ಹಾಗಲ್ಲ. ಈಗ ಅದರಲ್ಲಿ ಆಶ್ಚರ್ಯವೇನೂ ಉಳಿದಿರಲಿಲ್ಲ. ರಸ್ತೆಯಲ್ಲಿ ಕಾಲೇಜಿನ ಹುಡುಗಿಯರ ಗುಂಪೊಂದು ನಗುತ್ತ ಹಾದು ಹೋಯಿತು. ಅದು ಹೋಗುವ ತನಕ ಶಿವಯೋಗೀಶ ಗೇಟಿನ ಸರಳು ಹಿಡಿದು ನಿಂತ. ರಿಯಾಜ ಒಂದು ಮಾತು ಆಡಿದರೆ ಸಾಕಿತ್ತು, ಸುಳ್ಳು ಬಯಲಾಗುತ್ತಿತ್ತು. ಅಪ್ಪನ ಭುಜದ ಮೇಲೆ ಕೈಯಿಟ್ಟು ರಿಯಾಜ ತಣ್ಣಗೆ ಹೇಳಿದ: “ಹೌದು ಅಬ್ಬಾ. ಅದರಾಗ ಎಲ್ಲಾ ಇರತೈತಿ. ಕಾರು ಹತ್ತು, ಬಿಸಿಲೈತಿ.” ಆಮೇಲೆ ಶಿವಯೋಗೀಶನ ಕಡೆ ತಿರುಗಿ, “ಥ್ಯಾಂಕ್ಯೂ, ಸರ್,” ಎಂದ.

ಒಳಗೆ ಬಂದು ಸೋಫಾದ ಮೇಲೆ ಕೂತಾಗ ಶಿವಯೋಗೀಶನಿಗೆ ಅಳು ಬಂದಂತಾಯಿತು, ಬರಲಿಲ್ಲ. ಫೋನು ತೆಗೆದ. ಈಗಲೂ ಹೊತ್ತು ಮೀರಿರಲಿಲ್ಲ. ಒಂದು ವರ್ಷವನ್ನು ಅಳಿಸಿ ಮೂರು ತಿಂಗಳು ಮಾಡಿದ. ಬೆರಳು ಹಗುರಾಯಿತು. ಕಾರಣ ಬರೆಯಿರಿ ಎಂದು ಖಾಲಿ ಜಾಗ ಬಂತು. ‘ಈ ಪ್ರಕರಣದಲ್ಲಿ ಬೇರೆ ಯಾವ ಪುರಾವೆಯೂ ಇರಲಿಲ್ಲ. ಕ್ಯಾಪ್ಟನ್ ತಾನಾಗಿ ನಿಜ ಹೇಳಿದ್ದರಿಂದಲೇ ಉಲ್ಲಂಘನೆ ಬೆಳಕಿಗೆ ಬಂದಿದೆ’ ಎಂದು ಬರೆದ. ಬರೆದದ್ದನ್ನು ಓದಿದ. ಮತ್ತೆ ಓದಿದ. ನಿರ್ದೇಶಕರು ಹುಬ್ಬೇರಿಸಿಯಾರು, ಏರಿಸಲಿ. ಆದರೆ ಆದೇಶದ ಪ್ರತಿ ಹಳೇ ಹುಬ್ಬಳ್ಳಿಯ ಮನೆಗೆ ಹೋಗುತ್ತದೆ. ಮುದುಕ ಯಾರ ಕೈಯಲ್ಲಾದರೂ ಓದಿಸಿ ಅರ್ಥ ಕೇಳುತ್ತಾನೆ. ಬೇರೆ ಪುರಾವೆ ಇರಲಿಲ್ಲವಂತೆ. ನಿನ್ನ ಮಗ ಹೇಳಿದ್ದಕ್ಕೇ ಸಿಕ್ಕಿಬಿದ್ದನಂತೆ. ಅವನಿಗೆ ಮತ್ತೆ ನಿದ್ದೆ ಹತ್ತುವುದಿಲ್ಲ ಎಂದು ಶಿವಯೋಗೀಶ ಯೋಚಿಸಿದ. ಆ ಯೋಚನೆ ಎಷ್ಟು ಕರುಣೆಯದಾಗಿತ್ತೆಂದರೆ ಅದನ್ನು ಹಿಡಿದುಕೊಂಡೇ ಇರಬೇಕೆನಿಸಿತು. ಅದರ ಹಿಂದೆ ಇನ್ನೊಂದು ನಿಂತಿತ್ತು, ಅದು ಅವನಿಗೆ ಕಾಣದೇ ಇರಲಿಲ್ಲ: ಮುರುಗೆಪ್ಪ ಸಾವಕಾರರ ಮಗ ತನ್ನ ಅಕ್ಕನ ಮನೆಯಲ್ಲಿ ಕೂತು, ಮುಖ ನೋಡಿ ಸುಳ್ಳು ಹೇಳಿದನೆಂದು ಆ ಮುದುಕನಿಗೆ ತಿಳಿಯುತ್ತದೆ. ಅಕ್ಕನಿಗೂ ತಿಳಿಯುತ್ತದೆ. ದಿಲ್ಲಿಯಲ್ಲಿ ಏನು ಬೇಕಾದರೂ ಆಗಬಹುದು, ಈ ಊರಿನಲ್ಲಿ ಸುಳ್ಳುಗಾರನಾಗಲು ಅವನಿಂದಾಗಲಿಲ್ಲ.

ಬರೆದದ್ದನ್ನು ಅಳಿಸಿದ. ಮೂರು ತಿಂಗಳು ಮತ್ತೆ ಒಂದು ವರ್ಷವಾಯಿತು. ‘ಯಂತ್ರದ ದಾಖಲೆಗಳಿಂದ ಹಾಗೂ ಕ್ಯಾಪ್ಟನ್ನನ ಹೇಳಿಕೆಯಿಂದ’ ಎಂಬ ಸಾಲು ತನ್ನ ಜಾಗದಲ್ಲಿ ಭದ್ರವಾಗಿತ್ತು. ಗುಂಡಿ ಒತ್ತಿದ. ಆದೇಶ ಹೋಯಿತು.

ಬಾಳವ್ವ ತಟ್ಟೆಯಲ್ಲಿ ಪೇರಲಹಣ್ಣು ಹೆಚ್ಚಿ, ಉಪ್ಪು ಖಾರ ಉದುರಿಸಿ ತಂದಳು. “ಮುದುಕ ಎಷ್ಟ ಹಗುರ ಆಗಿ ಹೋದ ನೋಡ,” ಎಂದಳು. “ಏನ ಅಂದ್ರೂ ನಮ್ಮ ಮಂದಿಗೆ ನಮ್ಮ ಮಂದಿನ ಬೇಕು.” ಅವನು ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದ.

“ಯಾಕ, ಈಗೂ ಕಾಯದೇ ಅಡ್ಡ ಬರತೈತೇನ? ಕೇಸ್ ಮುಗದಿಲ್ಲೇನ ಇನ್ನಾ?”

“ಮುಗೀತು,” ಎಂದ ಶಿವಯೋಗೀಶ.

“ಮತ್ತ ತಿನ್ನು.”

ಅವನು ಒಂದು ಹೋಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಹಣ್ಣು ಸಿಹಿಯಾಗಿತ್ತು.